ಹಿಮದಲ್ಲಿ ಹಿಂದಿನ ಗಾಲಿಯ ಗಾಡಿ

ಅಮೆರಿಕದ ಮಿಶಿಗನ್‌ನಲ್ಲಿ ಇದ್ದಷ್ಟೂ ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಗಾಡಿ. ಮಜ್ದಾ ಎಂಎಕ್ಸ್-5. ಅಲ್ಲಿಯವರು ಮಿಯಾಟಾ ಅಂತಾರೆ. ಎರಡೇ ಸೀಟು, ಬಟ್ಟೆಯ ಟಾಪ್, ಎರಡು ಲೀಟರ್ ಎಂಜಿನ್, ಆರು ಗೇರ್. ಎಂಜಿನ್ ಮುಂದೆ ಇದ್ದರೂ ಗಾಡಿಯನ್ನು ದೂಡುವುದು ಹಿಂದಿನ ಗಾಲಿ. 1989ರಲ್ಲಿ ಮೊದಲ ಮಿಯಾಟಾ ಬಂದಾಗಿನಿಂದ ಇದು ಬದಲಾಗಿಲ್ಲ. ಬೇಸಿಗೆಯ ಸಂಜೆ ಟಾಪ್ ಇಳಿಸಿ ಓಡಿಸಲೆಂದೇ ಮಾಡಿದ ಗಾಡಿ ಅದು. ನಾನು ಅದನ್ನೇ ಚಳಿಗಾಲದಲ್ಲೂ ಓಡಿಸುತ್ತಿದ್ದೆ. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ಹಿಂದಿನ ಗಾಲಿ ದೂಡುವ ಗಾಡಿ ಹಿಮದಲ್ಲಿ ಗಿರಕಿ ಹೊಡೆಯುತ್ತದೆ, ನವೆಂಬರ್ ಬಂತು, ಅದನ್ನು ಶೆಡ್ಡಿನಲ್ಲಿ ಇಡು, ಚಳಿಗಾಲಕ್ಕೆ ಬೇರೆ ಗಾಡಿ ತಗೋ.

ತಗೊಳ್ಳಲಿಲ್ಲ. ಎರಡು ಗಾಡಿ ಸಾಕುವಷ್ಟು ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನಾಲ್ಕು ವಿಂಟರ್ ಟೈರ್ ತಗೊಂಡೆ, ಅಷ್ಟೇ. ಈಗ ಬೆಳಗಾವಿಗೆ ವಾಪಸ್ ಬಂದು ಉದ್ಯಮಬಾಗದಲ್ಲಿ ಕೆಲಸಕ್ಕಿದ್ದೇನೆ. ಹಿಮದಲ್ಲಿ ಅದನ್ನು ಹೇಗೆ ಓಡಿಸಿದೆ ಅಂತ ಇಲ್ಲಿ ಯಾರು ಕೇಳಿದರೂ ನನ್ನ ಉತ್ತರ ಟೈರಿನಿಂದಲೇ ಶುರುವಾಗುತ್ತದೆ.

ನಮ್ಮ ಕಡೆ ಟೈರ್ ಅಂದರೆ ಗುಂಡಿ, ಮಳೆ, ಬಿಸಿಲು, ಇಷ್ಟು ತಡೆದರೆ ಸಾಕು. ಬೆಳಗಾವಿಯ ಡಿಸೆಂಬರ್ ನಮಗೆ ಚಳಿ, ರಬ್ಬರಿಗೆ ಅಲ್ಲ. ಆದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಿತೋ, ಮಾಮೂಲಿ ಟೈರಿನ ರಬ್ಬರ್ ಬಿರುಸಾಗತೊಡಗುತ್ತದೆ. ರಸ್ತೆಯನ್ನು ಹಿಡಿಯುವುದು ಬಿಡುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳು ಇರುತ್ತವೆ. ಗಾಲಿ ಉರುಳುವಾಗ ಆ ಸೀಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ. ಹಾಗಾಗಿ ಟೈರಿನೊಳಗೆ ಸ್ವಲ್ಪ ಹಿಮ ತುಂಬಿಕೊಂಡರೆ ಹಿಡಿತ ಜಾಸ್ತಿಯೇ ಆಗುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಪಾಸಾದ ಟೈರ್. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ನಾನು ನಂಬುವುದಿಲ್ಲ.

ನಾಲ್ಕಕ್ಕೂ ಹಾಕಬೇಕು. ಹಿಂದಿನ ಗಾಲಿ ತಾನೇ ದೂಡುವುದು, ಎರಡೇ ಸಾಕು ಅಂತ ಹಲವರು ಉಳಿಸಲು ನೋಡುತ್ತಾರೆ. ಹಾಗೆ ಮಾಡಿದರೆ ಗಾಡಿ ಹೊರಡುತ್ತದೆ, ಆದರೆ ತಿರುವಿನಲ್ಲಿ ಮುಂದಿನ ಗಾಲಿ ಮಾತು ಕೇಳುವುದಿಲ್ಲ. ಬ್ರೇಕಿನ ಹೆಚ್ಚಿನ ಕೆಲಸ ಮಾಡುವುದೂ ಮುಂದಿನ ಗಾಲಿಗಳೇ.

ನಿಲ್ಲಿಸುವ ಲೆಕ್ಕ ನೋಡಿ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 0.2, ಬರೀ ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ 12-13 ಮೀಟರ್‌ನಲ್ಲಿ ನಿಲ್ಲುವ ಗಾಡಿ ಹಿಮದಲ್ಲಿ 50 ಮೀಟರ್ ತನಕ ಹೋಗುತ್ತದೆ. ಮಂಜುಗಡ್ಡೆಯಲ್ಲಿ ನೂರರ ಹತ್ತಿರ. ನಾಲ್ಕೂ ಗಾಲಿ ಎಳೆಯುವ ಗಾಡಿಗೂ ಲೆಕ್ಕ ಇದೇ, ಯಾಕೆಂದರೆ ಬ್ರೇಕ್ ಎಲ್ಲ ಗಾಡಿಗೂ ನಾಲ್ಕೇ. ದೊಡ್ಡ ಹಿಮ ಬಿದ್ದ ಮರುದಿನ ಹೈವೇ ಪಕ್ಕದ ತಗ್ಗಿನಲ್ಲಿ ಫೋರ್ ಬೈ ಫೋರ್ ಗಾಡಿಗಳು ಬಿದ್ದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಲೀಸಾಗಿ ಹೊರಟಿತು ಅನ್ನುವ ಧೈರ್ಯದಲ್ಲಿ ಜೋರಾಗಿ ಓಡಿಸಿರುತ್ತಾರೆ.

ಹಾಗಂತ ಹಿಂದಿನ ಗಾಲಿಯ ಗಾಡಿಗೆ ಹಿಮದಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಇದೆ. ಮುಂದಿನ ಗಾಲಿ ಎಳೆಯುವ ಗಾಡಿಯಲ್ಲಿ ಎಂಜಿನ್ನಿನ ಭಾರ ಎಳೆಯುವ ಗಾಲಿಯ ಮೇಲೇ ಕೂತಿರುತ್ತದೆ. ಖಾಲಿ ಪಿಕಪ್‌ನಲ್ಲಿ ಹಿಂದೆ ಭಾರವೇ ಇರುವುದಿಲ್ಲ, ಸುಮ್ನೆ ಗಾಲಿ ತಿರುಗುತ್ತದೆ. ಅದಕ್ಕೇ ಅಲ್ಲಿಯವರು ಪಿಕಪ್ಪಿನ ಹಿಂದೆ ಮರಳಿನ ಚೀಲ ಹೇರಿಕೊಂಡು ಓಡಾಡುತ್ತಾರೆ. ನನಗೆ ಇದು ಹೊಸದೆನಿಸಲಿಲ್ಲ. ನಮ್ಮ ಹೊಲ ಇರುವುದು ಬೈಲಹೊಂಗಲದ ಕಡೆ, ಎರಿ ಮಣ್ಣು. ಮಳೆಗಾಲದಲ್ಲಿ ಅಪ್ಪ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಿದ್ದರು. ಭಾರ ಇದ್ದರೆ ತಾನೇ ಗಾಲಿ ನೆಲ ಹಿಡಿಯುವುದು. ಮಿಯಾಟಾಕ್ಕೆ ಅದು ಬೇಕಾಗಲಿಲ್ಲ. ಸುಮಾರು 1,100 ಕಿಲೋ ತೂಕದ ಆ ಗಾಡಿಯಲ್ಲಿ ಹಿಂದೆ ಮುಂದೆ ಭಾರ ಹೆಚ್ಚುಕಡಿಮೆ ಸಮ. ಡಿಕ್ಕಿಯಲ್ಲಿ ಚೀಲ ಇಟ್ಟರೆ ಭಾರ ಹಿಂದಿನ ಗಾಲಿಗಿಂತಲೂ ಆಚೆ ಬೀಳುತ್ತದೆ, ಬಾಲ ಇನ್ನಷ್ಟು ಬೀಸುತ್ತದೆ.

ಈ ಗಾಡಿಯ ಒಳ್ಳೇ ಗುಣ ಅಂದರೆ ಕೆಲಸದ ಹಂಚಿಕೆ. ಮುಂದಿನ ಗಾಲಿಯ ಕೆಲಸ ತಿರುಗುವುದು, ಹಿಂದಿನದರ ಕೆಲಸ ದೂಡುವುದು. ಹಿಡಿತ ತಪ್ಪುವ ಮುಂಚೆಯೇ ಅದು ಸೀಟಿನ ಮೂಲಕ ಗೊತ್ತಾಗುತ್ತದೆ. ಆ ಸುಳಿವನ್ನು ಗುರುತು ಹಿಡಿಯಲು ಅಭ್ಯಾಸ ಬೇಕು. ಪ್ರತಿ ವರ್ಷ ಮೊದಲ ಹಿಮ ಬಿದ್ದ ಭಾನುವಾರ, ಬೆಳಗ್ಗೆ ಬೇಗ ಎದ್ದು ಪರಿಚಯದವರ ಕಾರ್ಖಾನೆಯ ಖಾಲಿ ಪಾರ್ಕಿಂಗ್‌ಗೆ ಹೋಗುತ್ತಿದ್ದೆ. ಅವರ ಒಪ್ಪಿಗೆ ಇತ್ತು. ದೀಪದ ಕಂಬದಿಂದ ದೂರ ನಿಂತು, ಎರಡನೇ ಗೇರಿನಲ್ಲಿ ನಿಧಾನಕ್ಕೆ ದೊಡ್ಡ ಸುತ್ತು ಹೊಡೆಯುವುದು. ಆಮೇಲೆ ಬೇಕಂತಲೇ ಸ್ವಲ್ಪ ರೇಸ್ ಕೊಡುವುದು. ಮೊದಲು ಸೊಂಟದ ಹತ್ತಿರ ಏನೋ ಸಡಿಲಾದ ಹಾಗೆ ಅನಿಸುತ್ತದೆ. ಎಂಜಿನ್ನಿನ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ. ಆಗ ಬಾಲ ಹೊರಕ್ಕೆ ಸರಿಯತೊಡಗುತ್ತದೆ. ಆ ಹೊತ್ತಿನಲ್ಲಿ ಕಾಲು ಬ್ರೇಕಿಗೆ ಹೋಗಬಾರದು. ರೇಸ್ ಮೆಲ್ಲಗೆ ಇಳಿಸಿ, ಬಾಲ ಯಾವ ಕಡೆ ಹೋಯಿತೋ ಸ್ಟೀರಿಂಗನ್ನು ಅದೇ ಕಡೆ ತಿರುಗಿಸಬೇಕು. ಕಣ್ಣು ಕಂಬದ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ. ಗಾಡಿ ನೆಟ್ಟಗಾಗುವ ಹೊತ್ತಿಗೆ ಸ್ಟೀರಿಂಗೂ ಅಷ್ಟೇ ಬೇಗ ನೆಟ್ಟಗಾಗಬೇಕು. ತಡವಾದರೆ ಬಾಲ ಇನ್ನೊಂದು ಕಡೆಗೆ ಬೀಸುತ್ತದೆ, ಆ ಎರಡನೇ ಬೀಸು ಮೊದಲಿನದಕ್ಕಿಂತ ಜೋರು. ಕೈಗೆ ಇದು ಕೂರುವ ತನಕ ಸುತ್ತು ಹೊಡೆಯುತ್ತಿದ್ದೆ. ಆ ಬೆಳಗ್ಗೆಗಳೆಂದರೆ ನನಗೆ ಬಹಳ ಇಷ್ಟ.

ಗೇರ್ ಇಳಿಸುವಾಗಿನ ಎಚ್ಚರವೂ ಅಲ್ಲಿಯೇ ಕಲಿತದ್ದು. ಇಳಿಜಾರಿನಲ್ಲಿ ಸೆಕೆಂಡಿಗೆ ಹಾಕಿ ಕ್ಲಚ್ ದಿಢೀರ್ ಅಂತ ಬಿಟ್ಟರೆ ಎಂಜಿನ್ ಹಿಂದಿನ ಗಾಲಿಯನ್ನಷ್ಟೇ ಹಿಡಿದು ನಿಲ್ಲಿಸುತ್ತದೆ. ಹ್ಯಾಂಡ್‌ಬ್ರೇಕ್ ಎಳೆದದ್ದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಕ್ಲಚ್ಚನ್ನು ನಿಧಾನಕ್ಕೆ, ಸ್ವಲ್ಪ ರೇಸ್ ಕೊಟ್ಟು ಬಿಡಬೇಕು. ಹೊರಡುವಾಗಲೂ ಸೆಕೆಂಡ್ ಗೇರ್ ಒಳ್ಳೆಯದು. ಕೊರೆಯುವ ಚಳಿಯ ರಾತ್ರಿ ಹ್ಯಾಂಡ್‌ಬ್ರೇಕ್ ಹಾಕದೆ ಗೇರಿನಲ್ಲಿ ನಿಲ್ಲಿಸಿ. ಇಲ್ಲದಿದ್ದರೆ ಬೆಳಗ್ಗೆ ಅದು ಹೆಪ್ಪುಗಟ್ಟಿ ಬಿಡದೇ ಇರಬಹುದು.

ಹಿಮಕ್ಕಿಂತ ಗಾಡಿಯನ್ನು ತಿನ್ನುವುದು ಉಪ್ಪು. ಮಿಶಿಗನ್ನಿನ ಡೆಟ್ರಾಯ್ಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಹಿಮ ಕರಗಿಸಲು ಆ ಉಪ್ಪು ರಸ್ತೆಗೆ ಹೋಗುತ್ತದೆ, ರಸ್ತೆಯಿಂದ ಗಾಡಿಯ ಹೊಟ್ಟೆಗೆ ಬರುತ್ತದೆ. ಅಡಿಯಿಂದ ನೀರು ಹೊಡೆಯುವ ವಾಷಿಂಗ್‌ಗೆ ಆಗಾಗ ಹೋಗದಿದ್ದರೆ ತುಕ್ಕು ಗ್ಯಾರಂಟಿ.

ಮಿಯಾಟಾ ಸೋಲುವುದು ಎತ್ತರದಲ್ಲಿ. ಅದರ ಹೊಟ್ಟೆಗೂ ನೆಲಕ್ಕೂ ಐದಿಂಚಿನ ಆಸುಪಾಸು ಅಂತರ. ಹಿಮ ಅದಕ್ಕಿಂತ ಜಾಸ್ತಿ ಬಿದ್ದರೆ ಗಾಡಿ ಹಿಮದ ಮೇಲೆ ತೇಲುತ್ತದೆ, ಗಾಲಿ ನೆಲಕ್ಕೆ ತಾಗುವುದಿಲ್ಲ. ಯಾವ ಟೈರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಿಶಿಗನ್ನಿನ ಉತ್ತರ ತುದಿಯ ಕೀವಿನಾ ಅನ್ನೋ ಕಡೆ 1978-79ರ ಚಳಿಗಾಲದಲ್ಲಿ ಒಟ್ಟು 390.4 ಇಂಚು ಹಿಮ ಬಿದ್ದಿತ್ತು, ಹತ್ತು ಮೀಟರ್ ಹತ್ತಿರ. ಹೈವೇ ಪಕ್ಕದಲ್ಲಿ ಅದನ್ನು ತೋರಿಸುವ ಎತ್ತರದ ಅಳತೆಕೋಲು ನಿಲ್ಲಿಸಿದ್ದಾರೆ. ಅಂಥ ಊರಿಗೆ ನಾನು ಮಿಯಾಟಾದಲ್ಲಿ ಬೇಸಿಗೆಯಲ್ಲಿ ಮಾತ್ರ ಹೋಗುತ್ತಿದ್ದೆ. ಡೆಟ್ರಾಯ್ಟ್ ಕಡೆ ರಸ್ತೆಯ ಹಿಮ ಬೇಗ ಬಳಿದು ತೆಗೆಯುತ್ತಾರೆ. ತೆಗೆಯುವ ತನಕ ಮನೆಯಲ್ಲೇ ಇದ್ದರೆ ಆಯಿತು.

ಇಷ್ಟೆಲ್ಲ ಈಗ ಬರೆಯಲು ಕಾರಣ ಅಣ್ಣನ ಮಗ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಬೆಳಗಾವಿಯಿಂದ ಮನಾಲಿಗೆ ತನ್ನ ಮಹೀಂದ್ರಾ ಥಾರ್ ಜೀಪಿನಲ್ಲೇ ಹೊರಟಿದ್ದಾನೆ. ಅವನದು 2023ರಲ್ಲಿ ಬಂದ, ಹಿಂದಿನ ಗಾಲಿ ಮಾತ್ರ ದೂಡುವ ಥಾರ್. "ಹಿಮದಾಗ ಗಿರಕಿ ಹೊಡಿತೈತಿ ಅಂತಾರ ಎಲ್ಲಾರೂ. ಖರೇನು ಅತ್ಯಾ?" ಅಂತ ಕೇಳಿದ. ಹೊಡೆಯುತ್ತದೆ, ನೀನು ಹೊಡೆಸಿದರೆ, ಅಂದೆ.

ಬೆಳಗಾವಿಯ ಟೈರ್ ಅಂಗಡಿಗಳಲ್ಲಿ ವಿಂಟರ್ ಟೈರ್ ಇಟ್ಟಿರುವುದಿಲ್ಲ. ಅವನಿಗಿರುವ ದಾರಿ ಚೈನ್, ಅಂದರೆ ಹಿಮದಲ್ಲಿ ಹಿಡಿತಕ್ಕೆ ಟೈರಿನ ಸುತ್ತ ಕಟ್ಟುವ ಸರಪಳಿ. ಚೈನ್ ಹಿಂದಿನ ಗಾಲಿಗೆ ಕಟ್ಟಬೇಕು, ದೂಡುವುದು ಅದೇ ತಾನೇ. ಮುಂದಿನ ಗಾಲಿಗೆ ಆಗ ಹೆಚ್ಚಿನ ಹಿಡಿತ ಸಿಗುವುದಿಲ್ಲ, ಹಾಗಾಗಿ ಇಳಿಜಾರಿನಲ್ಲಿ ನಡಿಗೆಯ ವೇಗ ಸಾಕು. ಹಿಮ ಜೋರಾದಾಗ ಮನಾಲಿ ಹತ್ತಿರದ ಸೋಲಂಗ್‌ನಿಂದ ಮೇಲೆ ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಬಿಡುವುದುಂಟು. ಪೊಲೀಸರು ತಡೆದರೆ ವಾದ ಬೇಡ, ಅಲ್ಲಿಯವರ ಟ್ಯಾಕ್ಸಿ ಹಿಡಿ ಅಂದಿದ್ದೇನೆ. ಬಿಟ್ಟರೂ ಅದೇ ದಾರಿಯಲ್ಲಿ ಮುಂದೆ ಸಿಗುವ ಅಟಲ್ ಸುರಂಗದ ಎರಡೂ ಬಾಯಿಯಲ್ಲಿ ಹುಷಾರು. ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಎತ್ತರ ಅದು. ಒಳಗೆ 9 ಕಿಲೋಮೀಟರ್ ಒಣ ರಸ್ತೆ, ಕೈಕಾಲಿಗೆ ಮಾಮೂಲಿ ಓಟದ ರೂಢಿ ಬಂದಿರುತ್ತದೆ. ಹೊರಗೆ ಬಂದ ಕೂಡಲೇ ಗಾಲಿಯ ಕೆಳಗೆ ಮಂಜುಗಡ್ಡೆ. ಕಪ್ಪು ಡಾಂಬರಿನ ಬಣ್ಣವೇ ಕಾಣುತ್ತದೆ, ಅದರ ಮೇಲಿನ ತೆಳು ಗಡ್ಡೆ ಕಾಣುವುದಿಲ್ಲ. ಸುರಂಗದೊಳಗೇ ವೇಗ ಇಳಿಸಿಕೊಂಡಿರಬೇಕು.

ಒಣ ರಸ್ತೆಯಲ್ಲಿ ಚೈನ್ ಇಟ್ಟುಕೊಂಡು ಓಡಿಸಿದರೆ ಚೈನೂ ಹರಿಯುತ್ತದೆ, ಟೈರೂ ಹಾಳು. ಅಂದರೆ ಆ ದಾರಿಯಲ್ಲಿ ಕಟ್ಟುವುದು ಬಿಚ್ಚುವುದು ನಡೆದೇ ಇರುತ್ತದೆ. ಮೈನಸ್ ಚಳಿಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಮೊದಲ ಸಲ ಕಲಿಯುವ ಕೆಲಸ ಅದಲ್ಲ. ಅವನ ಟೈರಿನ ಅಳತೆಯ ಚೈನ್ ಆನ್‌ಲೈನಿನಲ್ಲಿ ತರಿಸಿದ್ದೇವೆ. ಈ ಭಾನುವಾರ ಟಿಳಕವಾಡಿಯಲ್ಲಿ ನಮ್ಮ ಮನೆಯ ಅಂಗಳದಲ್ಲೇ ಪಾಠ. ಗಂಟು ಬಿಡಿಸಿ ಟೈರಿನ ಮೇಲೆ ಹೊದಿಸು, ಒಳಗಿನ ಕೊಂಡಿ ಮೊದಲು, ಹೊರಗಿನದು ಆಮೇಲೆ, ಗಾಡಿ ಎರಡು ಹೆಜ್ಜೆ ಮುಂದೆ ತಗೋ, ಇಳಿದು ಮತ್ತೆ ಬಿಗಿ ಮಾಡು. ಅವನ ಗೆಳೆಯರಿಗೂ ಬರಲು ಹೇಳಿದ್ದೇನೆ. ಎಲ್ಲರೂ ದಪ್ಪ ಕೈಗವಸು ಹಾಕಿಕೊಂಡೇ ಕಟ್ಟಬೇಕು.