ಸೊಂಗ್ ಕುಲ್‌ಗೆ ಹೋಗುವವರಿಗೆ: ಮೊದಲು ಕೆಳಗಿನ ಊರು, ಆಮೇಲೆ ಜಾಯ್ಲೂ (ಎತ್ತರದ ಬೇಸಿಗೆ ಹುಲ್ಲುಗಾವಲು)

ಮೊದಲ ಸಲ ನಾವು ಮಾಡಿದ ತಪ್ಪನ್ನು ಹೇಳಿಯೇ ಶುರು ಮಾಡುತ್ತೇನೆ. ಕಿರ್ಗಿಸ್ತಾನದಲ್ಲಿ ಕುರಿ, ಕುದುರೆ ಸಾಕುವ ಮನೆಯವರ ಜೊತೆ ನಾಲ್ಕು ದಿನ ಇರಬೇಕು ಅಂತ ನಾನೂ ತಂಗಿಯೂ ಜುಲೈನಲ್ಲಿ ಹೊರಟಿದ್ದು. ರಾಜಧಾನಿ ಬಿಷ್ಕೆಕ್‌ನಲ್ಲಿ ಒಬ್ಬ ಏಜೆಂಟರಿಂದ ಕಾರು ಮಾಡಿಸಿಕೊಂಡು ನೇರ ಸೊಂಗ್ ಕುಲ್ ಸರೋವರಕ್ಕೆ ಹೋದೆವು. ಅಲ್ಲಿ ಸಾಲಾಗಿ ಹತ್ತು ಬಿಳಿ ಯರ್ಟ್‌ಗಳು, ಅಂದರೆ ಉಣ್ಣೆಯ ಗುಂಡನೆಯ ಡೇರೆಗಳು, ಎಲ್ಲದರಲ್ಲೂ ನಮ್ಮಂಥ ಪ್ರವಾಸಿಗಳು. ಊಟ ಚೆನ್ನಾಗಿತ್ತು, ಹಾಸಿಗೆ ಬೆಚ್ಚಗಿತ್ತು. ಆದರೆ ಕುರಿ ಮಂದೆ ದೂರದ ಗುಡ್ಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕಂಡಿದ್ದಷ್ಟೇ. ಮಾರನೇ ದಿನವೇ ಕೊಚ್ಕೋರ್ ಅನ್ನುವ ಊರಿಗೆ ಇಳಿದು ಬಂದು ಎಲ್ಲವನ್ನೂ ಹೊಸದಾಗಿ ಜೋಡಿಸಿಕೊಂಡೆವು. ಆ ಎರಡನೇ ಸಲ ಏನು ಮಾಡಿದೆವೋ ಅದನ್ನೇ ನೀವು ಮೊದಲ ಸಲವೇ ಮಾಡಿ ಅನ್ನೋದಕ್ಕೆ ಇದನ್ನು ಬರೆಯುತ್ತಿದ್ದೇನೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ನಮಗೆ ಇ-ವೀಸಾ ಬೇಕು. ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ದೆಹಲಿಯಿಂದ ಬಿಷ್ಕೆಕ್‌ಗೆ ವಿಮಾನದಲ್ಲಿ ಮೂರು, ಮೂರೂವರೆ ಗಂಟೆ. ಬಿಷ್ಕೆಕ್‌ನಿಂದ ಕೊಚ್ಕೋರ್‌ಗೆ ಸುಮಾರು 200 ಕಿಲೋಮೀಟರ್. ಮಾರ್ಶ್‌ರುತ್ಕಾ ಅನ್ನುವ ಮಿನಿ ಬಸ್ಸು, ಶೇರ್ ಟ್ಯಾಕ್ಸಿ ಎರಡೂ ಇವೆ. ಕೊಚ್ಕೋರ್‌ನಲ್ಲಿ ಊರಿನವರ ಮನೆಗಳಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಡುವ ಸಿಬಿಟಿ ಕಚೇರಿ ಇದೆ. ಅಲ್ಲಿ ಹೋಗಿ "ಸರೋವರ ಆಮೇಲೆ, ಮೊದಲು ಕಿಜಾರ್ಟ್ ಊರಲ್ಲಿ ಎರಡು ರಾತ್ರಿ, ದನ ಕುರಿ ಇರುವ ಮನೆಯೇ ಆಗಬೇಕು" ಅಂತ ಬಿಡಿಸಿ ಹೇಳಿ. ಸರೋವರದ ಕುದುರೆದಾರಿ ಶುರುವಾಗುವ ಕೆಳಗಿನ ಊರೇ ಕಿಜಾರ್ಟ್. ಹಾಗೆ ಕೇಳದಿದ್ದರೆ ಎಲ್ಲರಿಗೂ ಕೊಡುವ ಪ್ಯಾಕೇಜನ್ನೇ ನಿಮಗೂ ಕೊಡುತ್ತಾರೆ. ದುಡ್ಡನ್ನು ಕೊಚ್ಕೋರ್‌ನಲ್ಲೇ ಅಲ್ಲಿನ ಹಣವಾದ ಸೋಮ್ ನೋಟುಗಳಾಗಿ ತೆಗೆದಿಟ್ಟುಕೊಳ್ಳಿ, ಮೇಲೆ ಕಾರ್ಡು ನಡೆಯುವುದಿಲ್ಲ. ಶನಿವಾರ ಬೆಳಿಗ್ಗೆ ಕೊಚ್ಕೋರ್‌ನಲ್ಲಿದ್ದರೆ ಜಾನುವಾರು ಸಂತೆ ತಪ್ಪಿಸಬೇಡಿ. ಬೆಳಕು ಹರಿಯುವ ಹೊತ್ತಿಗೆ ಹೋಗಿ, ಹತ್ತು ಗಂಟೆಗೆಲ್ಲ ಖಾಲಿಯಾಗುತ್ತಾ ಬರುತ್ತದೆ. ಅಲ್ಲಿನ ಕುರಿಗೆ ಬಾಲದ ಜಾಗದಲ್ಲಿ ಕೊಬ್ಬಿನ ದೊಡ್ಡ ಗಂಟು ಇರುತ್ತದೆ, ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡಿಯೇ ಬೆಲೆ ಮಾತಾಡುತ್ತಾರೆ.

ಊರಲ್ಲಿ ಎರಡು ರಾತ್ರಿ ಯಾಕೆ ಅಂತ ಕೇಳಬಹುದು. ಅಲ್ಲಿ ಇಡೀ ಊರಿನ ಬದುಕು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆಯಲ್ಲಿ ಕಣ್ಣೆದುರಿಗೆ ಬರುತ್ತದೆ. ಬೆಳಿಗ್ಗೆ ಹಾಲು ಕರೆದಾದ ಮೇಲೆ ಪ್ರತಿ ಮನೆಯ ಗೇಟಿನಿಂದ ಒಂದೋ ಎರಡೋ ಹಸು ಹೊರಗೆ ಬರುತ್ತವೆ. ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಅದು ದೊಡ್ಡ ಹಿಂಡಾಗಿರುತ್ತದೆ. ಊರ ಹಸುಗಳ ಈ ಹಿಂಡಿಗೆ ಬಾದಾ ಅನ್ನುತ್ತಾರೆ, ಕಾಯುವವನು ಬಾದಾಚಿ. ಅವನಿಗೆ ತಲೆಗೆ ಇಷ್ಟು ಅಂತ ತಿಂಗಳ ಕೂಲಿ. ಮೇಲಕ್ಕೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡ ಕುರಿ ಮೇಕೆಗಳದು ಬೇರೆ ಲೆಕ್ಕ. ಅವನ್ನು ಮನೆಮನೆಯವರು ಸರದಿಯಲ್ಲಿ ಕಾಯುತ್ತಾರೆ, ಆ ಸರದಿಗೆ ಕೆಜೂ ಅಂತ ಹೆಸರು. ಇವತ್ತು ಈ ಮನೆ, ನಾಳೆ ಪಕ್ಕದ ಮನೆ.

ನಮ್ಮ ಅದೃಷ್ಟಕ್ಕೆ ಎರಡನೇ ದಿನ ನಾವಿದ್ದ ಮನೆಯ ಕೆಜೂ ಬಂತು. ಆ ಮನೆಯ ಹದಿನಾಲ್ಕು ವರ್ಷದ ಹುಡುಗ ಕತ್ತೆ ಮೇಲೆ, ನಾವು ಅವನ ಹಿಂದೆ ನಡೆದುಕೊಂಡು. ಆ ಒಂದು ದಿನ ನನಗೆ ಇಡೀ ಪ್ರವಾಸಕ್ಕಿಂತ ಜಾಸ್ತಿ ಕಲಿಸಿತು. ಊರ ಪಕ್ಕದ ಗುಡ್ಡದಲ್ಲಿ ಹುಲ್ಲು ಅನ್ನುವುದು ಬೆರಳಿನಷ್ಟೂ ಎತ್ತರ ಇರಲಿಲ್ಲ. ಮುಳ್ಳಿನ ಗಿಡ, ಕುರಿ ಬಾಯಿ ಹಾಕದ ಕಹಿ ಗಿಡ, ನಡುವೆ ಬೋಳು ನೆಲ. ಕುರಿಗಳು ಒಂದು ಕಡೆ ನಿಲ್ಲದೆ ಹುಡುಕಿ ಹುಡುಕಿ ತಿನ್ನುತ್ತಿದ್ದವು. ಹಸಿರು ಕಿರ್ಗಿಸ್ತಾನದ ಫೋಟೋ ನೋಡಿಕೊಂಡು ಹೋದವಳಿಗೆ ಇದು ಎಲ್ಲಿಂದ ಬಂತು ಅನ್ನಿಸಿತು.

ಸಂಜೆ ಆ ಮನೆಯ ಯಜಮಾನರು ವಿವರಿಸಿದರು. ದೇಶದಲ್ಲಿ ಹುಲ್ಲುಗಾವಲಿಗೆ ಕೊರತೆ ಇಲ್ಲ. ಸುಮಾರು 90 ಲಕ್ಷ ಹೆಕ್ಟೇರ್, ಅಂದರೆ ದೇಶದ ಹತ್ತಿರ ಹತ್ತಿರ ಅರ್ಧ ನೆಲ. ಆದರೆ ಒಳ್ಳೆಯ ಹುಲ್ಲು ಇರುವುದು ಎತ್ತರದಲ್ಲಿ, ದೂರದಲ್ಲಿ. ಸೋವಿಯತ್ ಕಾಲದಲ್ಲಿ ಸಾಮೂಹಿಕ ಫಾರಂಗಳ ಲಾರಿಗಳೇ ಜನರನ್ನು, ಸಾಮಾನನ್ನು ಮೇಲಕ್ಕೆ ಸಾಗಿಸುತ್ತಿದ್ದವು. ಆ ಕಾಲದ ಕೊನೆಗೆ ದೇಶದಲ್ಲಿ ಸುಮಾರು 1 ಕೋಟಿ ಕುರಿ ಮೇಕೆ ಇದ್ದವು. 1991ರಲ್ಲಿ ಒಕ್ಕೂಟ ಒಡೆಯಿತು, ಫಾರಂಗಳು ಮುಚ್ಚಿದವು, ಕುರಿಗಳನ್ನು ಮನೆಮನೆಗೆ ಹಂಚಿದರು. ಕೈಯಲ್ಲಿ ಕಾಸಿಲ್ಲದ ಜನ ಹಿಟ್ಟಿಗೆ, ಸಾಲಕ್ಕೆ, ಮದುವೆಗೆ ಅಂತ ಮಾರಿ, ಕಡಿದು, 1990ರ ದಶಕದ ಮಧ್ಯಕ್ಕೆ ಆ ಸಂಖ್ಯೆ 40 ಲಕ್ಷಕ್ಕೂ ಕೆಳಗಿಳಿಯಿತು. ಹತ್ತು ಕುರಿ, ಎರಡು ಹಸು ಉಳಿದವನು ಲಾರಿ ಬಾಡಿಗೆ ಕೊಟ್ಟು, ಮುರಿದ ಸೇತುವೆ ದಾಟಿ ಮೂರು ಸಾವಿರ ಮೀಟರಿಗೆ ಹೋಗುವುದು ಹೇಗೆ? ಊರ ಪಕ್ಕದಲ್ಲೇ ಮೇಯಿಸಿದ. ಎಲ್ಲರೂ ಹಾಗೇ ಮಾಡಿದರು. ಮೇಲೆ ಹುಲ್ಲು ಮೇಯುವವರಿಲ್ಲದೆ ಒಣಗಿತು, ಕೆಳಗೆ ಬೇರು ಸಮೇತ ಹೋಯಿತು.

ಆಮೇಲೆ ಜಾನುವಾರು ಮತ್ತೆ ಹೆಚ್ಚಾಯಿತು. ರಷ್ಯಾದಲ್ಲಿ ದುಡಿಯುವ ಮಕ್ಕಳು ಕಳಿಸುವ ದುಡ್ಡು ಎಷ್ಟೋ ಮನೆಗಳಲ್ಲಿ ಕುರಿ, ಕುದುರೆಯಾಗಿ ನಿಲ್ಲುತ್ತದೆ. ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ, ಬೇಕಾದಾಗ ಒಂದನ್ನು ಸಂತೆಗೆ ಹೊಡೆದುಕೊಂಡು ಹೋದರಾಯಿತು. ನಮ್ಮ ಅಜ್ಜನೂ ಹೀಗೇ ಹೇಳುತ್ತಿದ್ದ, ಮಗಳ ಫೀಸಿಗೆ ಒಂದು ಟಗರು ಅಂತ. 2009ರಲ್ಲಿ ಅಲ್ಲಿ ಹುಲ್ಲುಗಾವಲಿಗೆಂದೇ ಹೊಸ ಕಾನೂನು ಬಂತು. ನೆಲ ಸರ್ಕಾರದ್ದೇ, ಆದರೆ ಉಸ್ತುವಾರಿಯನ್ನು ಆ ಕಾನೂನು ಊರಿನ ಜನರೇ ಆರಿಸಿದ ಜಾಯಿಟ್ ಕಮಿಟಿಗೆ, ಅಂದರೆ ಹುಲ್ಲುಗಾವಲು ಸಮಿತಿಗೆ ಕೊಟ್ಟಿತು. ಹೆಕ್ಟೇರಿಗೆ ಇಷ್ಟು ಅನ್ನುವ ಬದಲು ತಲೆಗೆ ಇಷ್ಟು ಅಂತ ಶುಲ್ಕ, ಆ ದುಡ್ಡಿನಲ್ಲಿ ದಾರಿ, ಸೇತುವೆ, ನೀರಿನ ತೊಟ್ಟಿ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿಲ್ಲ, ತನ್ನ ತಲೆ ಲೆಕ್ಕ ಕಡಿಮೆ ಹೇಳುವವರು ಇದ್ದೇ ಇದ್ದಾರೆ ಅಂತ ಅವರೇ ಹೇಳಿದರು. ಆದರೂ ಮೇಲೆ ಹೋಗುವಾಗ ದಾರಿಯಲ್ಲಿ ಒಂದು ಹೊಸ ಮರದ ಸೇತುವೆ ತೋರಿಸಿ, ಇದು ನಮ್ಮ ಕುರಿಗಳ ದುಡ್ಡು ಅಂದಾಗ ಅವರ ಮುಖ ನೋಡಬೇಕಿತ್ತು.

ನಮ್ಮದು ಚಳ್ಳಕೆರೆ ಕಡೆ. ನಮ್ಮೂರ ಗೋಮಾಳ ಬಗರ್‌ಹುಕುಂ ಹೊಲವಾಗಿ, ಸೈಟಾಗಿ, ಶೆಡ್ಡಾಗಿ ಈಗ ಒಂದು ಪಟ್ಟಿಯಷ್ಟು ಉಳಿದಿದೆ. ಅಲ್ಲಿ ನೆಲ ಇದೆ, ತಲುಪುವುದು ಕಷ್ಟ. ಇಲ್ಲಿ ನೆಲವೇ ಇಲ್ಲ. ಆ ರಾತ್ರಿ ಇದನ್ನೇ ಯೋಚಿಸುತ್ತಾ ನನಗೆ ನಿದ್ದೆ ಬರಲಿಲ್ಲ.

ಕಿಜಾರ್ಟಿನಿಂದ ಮೇಲಕ್ಕೆ ಕುದುರೆಯಲ್ಲೇ ಹೋಗಿ. ಒಂದು ರಾತ್ರಿ ಕಿಲೆಮ್ಚೆ ಕಣಿವೆಯಲ್ಲಿ, ಮಾರನೇ ದಿನ ತುಜ್ ಅಶೂ ಕಣಿವೆದಾರಿ ದಾಟಿ ಸರೋವರ. ಕುದುರೆ ಹತ್ತಿ ಅಭ್ಯಾಸ ಇಲ್ಲದವರೂ ಹೋಗಬಹುದು, ನಡೆಸಿಕೊಂಡು ಹೋಗಲು ಜೊತೆಗೆ ಒಬ್ಬರು ಬರುತ್ತಾರೆ. ಆದರೆ ಜೀನು ಗಟ್ಟಿ, ಮಂಡಿ ನೋಯುತ್ತದೆ. ಜೀನಿನ ಮೇಲೆ ಮಡಚಿ ಹಾಕಿಕೊಳ್ಳಲು ಒಂದು ದಪ್ಪ ಬಟ್ಟೆ ಇಟ್ಟುಕೊಳ್ಳಿ, ಹೊರಡುವ ಮೊದಲೇ ರಿಕಾಪಿನ ಉದ್ದ ಸರಿ ಮಾಡಿಸಿಕೊಳ್ಳಿ. ತಂಗಿ ಮೊದಲ ದಿನ ಸುಮ್ನೆ ಕೂತು ಸಹಿಸಿಕೊಂಡಳು, ಸಂಜೆ ಇಳಿದಾಗ ನಡೆಯಲು ಆಗಲಿಲ್ಲ. ಕಾರಿನಲ್ಲಿ ಹೋದರೆ ಗೊತ್ತಾಗದ ಒಂದು ವಿಷಯ ಕುದುರೆಯ ಮೇಲೆ ಗೊತ್ತಾಗುತ್ತದೆ. ಊರು ಬಿಟ್ಟ ಮೊದಲ ಗಂಟೆ ಬೋಳು, ಆಮೇಲೆ ಕುದುರೆಯ ಗೊರಸು ಮುಚ್ಚುವಷ್ಟು ಹುಲ್ಲು, ಮಧ್ಯಾಹ್ನದ ಹೊತ್ತಿಗೆ ಹೂವು ಬಿಟ್ಟ ಹುಲ್ಲು ರಿಕಾಪಿನಲ್ಲಿಟ್ಟ ಕಾಲಿಗೆ ತಾಗುತ್ತದೆ. ಹಿಂದಿನ ದಿನ ಕೆಜೂ ಹುಡುಗನ ಜೊತೆ ನಡೆದವರಿಗೆ ಆ ಬದಲಾವಣೆ ಕಣ್ಣಿಗೆ ಹೊಡೆದು ಕಾಣುತ್ತದೆ.

ಬೇಸಿಗೆಯ ಈ ಎತ್ತರದ ಹುಲ್ಲುಗಾವಲೇ ಜಾಯ್ಲೂ. ಚಳಿಗಾಲದ್ದು ಕಿಶ್ತೂ. ನಡುವೆ ವಸಂತಕ್ಕೆ, ಶರತ್ಕಾಲಕ್ಕೆ ಬೇರೆ ಬೇರೆ ಜಾಗ. ನಾವು ಉಳಿದಿದ್ದು ಕೆಜೂ ಹುಡುಗನ ದೊಡ್ಡಪ್ಪನ ಯರ್ಟಿನಲ್ಲಿ. ಅಲ್ಲಿಯವರು ಯರ್ಟ್ ಅನ್ನುವುದಿಲ್ಲ, ಬೋಜ್ ಉಯ್ ಅನ್ನುತ್ತಾರೆ. ಅವರ ಸ್ವಂತ ಕುರಿ ಅರವತ್ತೋ ಎಪ್ಪತ್ತೋ, ಉಳಿದ ಮುನ್ನೂರು ಊರಿನ ಬೇರೆಯವರವು. ಮೇಲೆ ಬರಲಾಗದವರು ತಿಂಗಳಿಗೆ ತಲೆಗೆ ಇಷ್ಟು ಅಂತ ಕೊಟ್ಟು ಕಳಿಸಿದ್ದು. ಕುರಿಗಳ ಬೆನ್ನಿನ ಮೇಲೆ ಕೆಂಪು, ನೀಲಿ ಬಣ್ಣದ ಗುರುತು, ಒಂದೊಂದು ಮನೆಗೆ ಒಂದೊಂದು. ನಮ್ಮ ಕುರಿಯವರೂ ಇದನ್ನೇ ಮಾಡುತ್ತಾರೆ ಅಲ್ವಾ? ಸಂಜೆ ಮಂದೆ ರೊಪ್ಪಕ್ಕೆ ಸೇರುವಾಗ ಎಣಿಸುವುದನ್ನು ಕೂತು ನೋಡಿ. ತೋಳದ ಭಯ ಇರುವುದರಿಂದ ಒಂದು ಕಡಿಮೆಯಾದರೂ ಆ ರಾತ್ರಿಯೇ ಕುದುರೆ ಹತ್ತಿ ಹುಡುಕಲು ಹೋಗುತ್ತಾರೆ.

ಹಗಲೆಲ್ಲ ಕೆಲಸ ಕುದುರೆಗಳದು. ನೆಲಕ್ಕೆ ಗೂಟ ಹೊಡೆದು ಎಳೆದು ಕಟ್ಟಿದ ಉದ್ದ ಹಗ್ಗಕ್ಕೆ ಜೆಲೆ ಅನ್ನುತ್ತಾರೆ, ಅದಕ್ಕೆ ಮರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಮರಿ ಇಲ್ಲಿದ್ದರೆ ತಾಯಿ ದೂರ ಹೋಗುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಕರೆಯಬೇಕು, ದಿನಕ್ಕೆ ಐದಾರು ಸಲ, ಒಂದು ಸಲಕ್ಕೆ ಬರುವುದು ಸ್ವಲ್ಪವೇ. ಮೊದಲು ಮರಿಗೆ ಬಿಟ್ಟು, ತಾಯಿ ತೊರೆ ಬಿಟ್ಟ ಮೇಲೆ ಮರಿಯನ್ನು ಎಳೆದು, ಮೊಣಕಾಲ ಮೇಲೆ ಬಕೆಟ್ ಇಟ್ಟುಕೊಂಡು ಕರೆಯುತ್ತಾರೆ. ಹಾಲನ್ನು ಹೊಗೆ ಹಾಕಿದ ಚರ್ಮದ ಚೀಲದಲ್ಲೋ ಪೀಪಾಯಿಯಲ್ಲೋ ಹುಳಿಗೆ ಹಾಕಿ ಕಡೆಗೋಲಿನಿಂದ ಕಡೆಯುತ್ತಲೇ ಇರಬೇಕು. ಅದೇ ಕಿಮಿಜ್. ಆ ಕಡೆಗೋಲಿನ ಹೆಸರು ಬಿಷ್ಕೆಕ್, ರಾಜಧಾನಿಯ ಹೆಸರೂ ಅದೇ. ನೀವೂ ಹತ್ತು ನಿಮಿಷ ಕಡೆದು ಕೊಡಿ, ಮನೆಯವರಿಗೆ ತುಂಬಾ ಖುಷಿಯಾಗುತ್ತದೆ. ಒಲೆಗೆ ಸೌದೆ ಇಲ್ಲ, ಒಣಗಿದ ಸಗಣಿಯೇ. ಅದಕ್ಕೆ ತೆಜೆಕ್ ಅಂತಾರೆ. ಬೆರಣಿ ಒಲೆಯ ಹೊಗೆ ಕುಡಿದು ಬೆಳೆದವರಿಗೆ ಆ ವಾಸನೆಗೆ ಮನೆಗೆ ಬಂದಂತಾಗುತ್ತದೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಂಸ ತಿನ್ನದವರು "ಮೆನ್ ಎತ್ ಜೆಬೆಯ್ಮ್" ಅನ್ನೋದನ್ನು ಬಾಯಿಪಾಠ ಮಾಡಿಕೊಳ್ಳಿ, ನಾನು ಮಾಂಸ ತಿನ್ನುವುದಿಲ್ಲ ಅಂತ ಅರ್ಥ. ರೊಟ್ಟಿ, ಕರಿದ ಬೋರ್ಸೋಕ್, ಕಾಯ್ಮಾಕ್ ಅನ್ನುವ ಕೆನೆ, ಜಾಮ್, ಆಲೂಗಡ್ಡೆ, ಚಹಾ ಖಂಡಿತ ಸಿಗುತ್ತವೆ. ಇದರ ಮೇಲೆ ಮೂರು ದಿನ ನಡೆಯುತ್ತದೆ, ಚಟ್ನಿಪುಡಿ ಜೊತೆಗಿದ್ದರೆ ಇನ್ನೂ ಸುಲಭ. ಕಿಮಿಜ್ ಮೊದಲ ದಿನ ಅರ್ಧ ಬಟ್ಟಲಿಗೆ ನಿಲ್ಲಿಸಿ. ಹುಳಿ, ಹೊಗೆ ವಾಸನೆ, ಸ್ವಲ್ಪ ಅಮಲು ಕೂಡ ಇರುತ್ತದೆ, ಹೊಟ್ಟೆಗೆ ಅಭ್ಯಾಸ ಆಗಬೇಕು. ಇನ್ನೊಂದು ಗಂಭೀರ ಮಾತು. ಆ ದೇಶದಲ್ಲಿ ಬ್ರುಸೆಲ್ಲೋಸಿಸ್ ಇದೆ, ನಮ್ಮಲ್ಲಿ ಕಂದು ರೋಗ ಅಂತಾರಲ್ಲ ಅದೇ, ದನ ಕುರಿಯಿಂದ ಮನುಷ್ಯರಿಗೂ ಬರುತ್ತದೆ. ಹಸುವಿನ ಹಾಲು ಕಾಯಿಸಿದ್ದನ್ನೇ ಕುಡಿಯಿರಿ. ಕೈಯಲ್ಲಿ ತಿರುಗಿಸುವ ಯಂತ್ರದಿಂದ ತೆಗೆದ ಕೆನೆ ಹಸಿ ಹಾಲಿನದೇ ಇರುತ್ತದೆ. ಗರ್ಭಿಣಿಯರು, ಚಿಕ್ಕ ಮಕ್ಕಳು ಅದನ್ನೂ ಕಿಮಿಜನ್ನೂ ಬಿಡುವುದು ಒಳ್ಳೆಯದು. ನಾಯಿ ಮುಟ್ಟಿದರೆ, ಕುರಿ ಹಿಡಿದರೆ ಸೋಪಿನಲ್ಲಿ ಕೈ ತೊಳೆಯಿರಿ. ಕಾವಲು ನಾಯಿಗಳಿರುವ ಬೋಜ್ ಉಯ್ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ, ಮನೆಯವರು ಹೊರಬಂದ ಮೇಲೆ ಹೋಗಿ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರೋವರ ಇರುವುದು 3,016 ಮೀಟರ್ ಎತ್ತರದಲ್ಲಿ. ಜುಲೈನಲ್ಲೂ ರಾತ್ರಿ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಹಗಲು ಬಿಸಿಲು ಚರ್ಮ ಸುಲಿಯುತ್ತದೆ. ಕೊಚ್ಕೋರ್ 1,800 ಮೀಟರ್, ಆದ್ದರಿಂದ ಕೆಳಗಿನ ಊರಲ್ಲಿ ಎರಡು ರಾತ್ರಿ ಇದ್ದರೆ ಎತ್ತರಕ್ಕೂ ಮೈ ಒಗ್ಗುತ್ತದೆ. ನೇರ ಹೋದ ಮೊದಲ ಸಲ ನನಗೆ ರಾತ್ರಿಯೆಲ್ಲ ತಲೆನೋವು, ಎರಡನೇ ಸಲ ಏನೂ ಆಗಲಿಲ್ಲ.

ಏನು ಉಡುಗೊರೆ ಒಯ್ಯಬೇಕು? ಕೊಚ್ಕೋರ್ ಬಜಾರಿನಿಂದ ಟೊಮೆಟೊ, ಈರುಳ್ಳಿ, ಕಲ್ಲಂಗಡಿ, ಚಹಾಪುಡಿ, ಸಕ್ಕರೆ. ಮೇಲೆ ತರಕಾರಿ ಬೆಳೆಯುವುದಿಲ್ಲ. ಹೊಸಿಲ ಮೇಲೆ ಕಾಲಿಡಬೇಡಿ, ರೊಟ್ಟಿಯನ್ನು ಬೋರಲು ಇಡಬೇಡಿ. ಮನೆಯ ಹಿರಿಯ ಹೆಂಗಸನ್ನು ಅಪಾ ಅನ್ನಿ, ಅಲ್ಲಿ ಅಪಾ ಅಂದರೆ ಅಮ್ಮ. ನಿಮಗಿಂತ ಸ್ವಲ್ಪ ದೊಡ್ಡವರನ್ನು ಎಜೆ, ಅಕ್ಕ. ನಮ್ಮಲ್ಲಿ ಮಳೆ ಬೆಳೆ ಹೇಗೆ ಅಂತ ಕೇಳುವ ಹಾಗೆ ಅಲ್ಲಿ "ಮಾಲ್ ಜಾನ್ ಅಮಾನ್‌ಬಿ" ಅಂತ ಕೇಳುತ್ತಾರೆ: ದನಕರು, ಜನ ಎಲ್ಲ ಕ್ಷೇಮವೇ? ಮೊದಲು ದನಕರು, ಆಮೇಲೆ ಜನ. ಇದನ್ನು ನಾನು ಕೇಳಿದಾಗ ಅಪಾ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಏನಾದರೂ ಕೊಳ್ಳಬೇಕೆಂದರೆ ಶಿರ್ದಾಕ್ ಅನ್ನುವ ಉಣ್ಣೆಯ ಹಾಸು ಕೊಳ್ಳಿ, ಅದನ್ನೂ ಮಾಡಿದವರಿಂದಲೇ ಕೊಳ್ಳಿ. ಉಣ್ಣೆಯ ಬೆಲೆ ಬಿದ್ದು ಹೋಗಿ, ನಯವಾದ ಉಣ್ಣೆಯ ತಳಿಗಳನ್ನು ಬಿಟ್ಟು ಜನ ಮಾಂಸದ ಕುರಿಗೆ ತಿರುಗಿದ್ದಾರೆ. ಕತ್ತರಿಸಿದ ಉಣ್ಣೆಗೆ ಬೆಲೆ ಬರುವುದು ಹೆಂಗಸರ ಕೈಯಲ್ಲಿ ಅದು ಹಾಸಾದಾಗ ಮಾತ್ರ. ನಮ್ಮ ಕಂಬಳಿಯಂತೆ ನೇಯುವುದಿಲ್ಲ, ಬಿಸಿನೀರು ಹಾಕಿ ಸುತ್ತಿ, ಉರುಳಿಸಿ, ತುಳಿದು ಗಟ್ಟಿ ಮಾಡುತ್ತಾರೆ. ಆಮೇಲೆ ಎರಡು ಬಣ್ಣದ ಹಾಳೆ ಕತ್ತರಿಸಿ ಒಂದರೊಳಗೆ ಒಂದು ಹೊಲಿಯುತ್ತಾರೆ. ಯುನೆಸ್ಕೋ 2012ರಲ್ಲಿ ಇದನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ನಾನು ಚಳ್ಳಕೆರೆಯ ಒಂದು ಕರಿ ಕಂಬಳಿ ಒಯ್ದಿದ್ದೆ. ಅಪಾ ಅದನ್ನು ಬೆಳಕಿಗೆ ಹಿಡಿದು, ನೂಲನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದರು. ಹುಣಸೆ ಬೀಜದ ಗಂಜಿ ಹಾಕುವುದನ್ನು ಕೈಸನ್ನೆಯಲ್ಲಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು.

ಕಾಲದ ಬಗ್ಗೆ ಕೊನೆಯದಾಗಿ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮೇಲೆ ಜನ ಇರುತ್ತಾರೆ, ಕಿಮಿಜ್ ಬೇಕಾದವರು ಜುಲೈನಲ್ಲೇ ಹೋಗಿ. ಸೆಪ್ಟೆಂಬರ್ ನಡುವೆ ಹೋದರೆ ಬೋಜ್ ಉಯ್ ಬಿಚ್ಚಿ ಲಾರಿಗೆ ಏರಿಸಿರುತ್ತಾರೆ. ಆಗ ಸರೋವರದ ಆಸೆ ಬಿಟ್ಟು ಕಿಜಾರ್ಟಿನಲ್ಲೇ ಇರಿ. ಮಂದೆಗಳು ಇಳಿದು ಬರುವುದು, ಮನೆಮನೆಯವರು ಬಣ್ಣದ ಗುರುತು ನೋಡಿ ತಮ್ಮ ತಮ್ಮ ಕುರಿ ಬೇರೆ ಮಾಡಿಕೊಳ್ಳುವುದು, ಮಾಳಿಗೆ ಮೇಲೆ ಬಣವೆ ಒಟ್ಟಿರುವುದು ಎಲ್ಲ ಅಲ್ಲೇ ಸಿಗುತ್ತದೆ.