ಲಕ್ಷಕ್ಕೆ ಹದಿನಾರು

ಹೋದ ವರ್ಷ ಮಾರ್ಚ್ ಕೊನೇಲಿ ಶಿರಸಿ ಕಡೆಯಿಂದ ನಮ್ ಸೋದರಮಾವ ಬೆಂಗಳೂರಿಗೆ ಬಂದಿದ್ರು, ಕೈಯಲ್ಲಿ ಒಂದು ಬಾಟಲಿ ಜೇನುತುಪ್ಪ. ಮಾಮೂಲಿ ತಂದುಕೊಡೋ ಹಾಗೆ ಅಲ್ಲ, ಮುಖ ಸಪ್ಪಗಿತ್ತು. ಯಾರೋ ಗಿರಾಕಿ ಎದುರಿಗೇ "ಇದ್ರಲ್ಲಿ ಸಕ್ಕರೆ ಪಾಕ ಬೆರೆಸಿದ್ದೀರಿ" ಅಂದ್ಬಿಟ್ಟಿದ್ರಂತೆ. ಮಾವ 15 ವರ್ಷದಿಂದ ತುಡುವೆ ಜೇನು ಸಾಕ್ತಿರೋರು, ಬೆರೆಸೋ ಜನ ಅಲ್ಲ. "ನಿಮ್ ಮಷೀನಲ್ಲಿ ಹಾಕಿ ನೋಡು ಪುಟ್ಟಿ, ಏನ್ ಬರತ್ತೋ ಅದನ್ನೇ ಹೇಳು" ಅಂದ್ರು.

ನಾನು ಕೆಲಸ ಮಾಡೋದು ಐಸೋಟೋಪ್, ಅಂದ್ರೆ ಒಂದೇ ಧಾತುವಿನ ಹಗುರ-ಭಾರದ ರೂಪಗಳನ್ನ ಅಳೆಯೋ ಲ್ಯಾಬಲ್ಲಿ. ಅಲ್ಲಿ ಏನ್ ಮಾಡ್ತೀಯ ಅಂತ ತುಂಬ ಜನ ಕೇಳ್ತಾರೆ, ಆ ಬಾಟಲಿ ಕಥೆ ಹೇಳಿದ್ರೆ ಎಲ್ಲ ಹೇಳಿದ ಹಾಗೆ ಆಗತ್ತೆ ಅನ್ಸತ್ತೆ, ಅದಕ್ಕೆ ಬರೀತಿದ್ದೀನಿ.

ಪಿಯುಸಿಲಿ ಎಲ್ರೂ ಓದಿರ್ತೀವಿ, ಪ್ರಕೃತಿಯಲ್ಲಿರೋ ಕಾರ್ಬನ್‌ನಲ್ಲಿ ಶೇ. 98.9 ಕಾರ್ಬನ್-12, ಶೇ. 1.1 ಕಾರ್ಬನ್-13. ಒಂದು ನ್ಯೂಟ್ರಾನ್ ಜಾಸ್ತಿ ಇರೋದಷ್ಟೇ ವ್ಯತ್ಯಾಸ. ಅದನ್ನ ಬಾಯಿಪಾಠ ಮಾಡಿ ಮುಂದೆ ಹೋಗ್ತೀವಿ, ಎಲ್ಲ ಕಡೆ ಅಷ್ಟೇ ಇರತ್ತೆ ಅನ್ನೋ ಹಾಗೆ. ಆದ್ರೆ ಇರಲ್ಲ! ಕಲ್ಲಲ್ಲಿ ಒಂದು ಥರ, ಗಾಳಿಯಲ್ಲಿ ಒಂದು ಥರ, ಮರದಲ್ಲಿ ಇನ್ನೊಂದು ಥರ. ಪರಮಾಣು ತೂಕದ ಪಟ್ಟಿ ಮಾಡೋ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಸ್ಥೆ ಐಯುಪಿಎಸಿಯವರೇ 2009ರ ಪಟ್ಟಿಯಿಂದ ಕಾರ್ಬನ್‌ನ ಪರಮಾಣು ತೂಕಕ್ಕೆ ಒಂದೇ ಸಂಖ್ಯೆ ಕೊಡೋದು ಬಿಟ್ಟು 12.0096ರಿಂದ 12.0116ರವರೆಗೆ ಅಂತ ಒಂದು ವ್ಯಾಪ್ತಿ ಕೊಡೋಕೆ ಶುರು ಮಾಡಿದ್ರು, ಹೈಡ್ರೋಜನ್, ಆಕ್ಸಿಜನ್, ಕ್ಲೋರಿನ್ ಎಲ್ಲ ಸೇರಿ 10 ಧಾತುಗಳಿಗೆ ಹೀಗೆ. ನಮ್ ಪಠ್ಯಪುಸ್ತಕದಲ್ಲೂ ಇದು ಬರಬೇಕು ಅನ್ನೋದು ನನ್ನ ಆಸೆ.

ಗಿಡಗಳ ವಿಷಯಕ್ಕೆ ಬರೋಣ. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯೋ ರುಬಿಸ್ಕೋ ಅನ್ನೋ ಕಿಣ್ವಕ್ಕೆ ಹಗುರವಾದ ಕಾರ್ಬನ್-12 ಕಂಡ್ರೆ ಸ್ವಲ್ಪ ಜಾಸ್ತಿ ಪ್ರೀತಿ, ಭಾರದ್ದನ್ನ ಆದಷ್ಟು ಬಿಟ್ಬಿಡತ್ತೆ. ಭತ್ತ, ಗೋಧಿ, ಮಾವು, ನೇರಳೆ, ಅಂಟುವಾಳ, ಕಾಡಿನ ಮರ ಎಲ್ಲ ಈ ಗುಂಪು. ಕಬ್ಬು, ಮೆಕ್ಕೆಜೋಳ, ರಾಗಿ, ಬಿಳಿಜೋಳದ ದಾರಿ ಬೇರೆ, ಅಲ್ಲಿ ಮೊದಲು ಇನ್ನೊಂದು ಕಿಣ್ವ ಬಂದು ಗಾಳಿ ಹಿಡಿಯತ್ತೆ, ಅದು ಅಷ್ಟು ಆರಿಸಿಕೊಳ್ಳೋದಿಲ್ಲ. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಅನ್ನೋ ವಿಜ್ಞಾನಿಗಳು ಈ ದಾರಿಯನ್ನ ಬಿಡಿಸಿ ಹೇಳಿದ್ದೂ ಕಬ್ಬಿನ ಎಲೆ ಇಟ್ಕೊಂಡೇ. ಮೊದಲನೇ ಗುಂಪಿಗೆ ಸಿ3 ಅಂತಾರೆ, ಇದಕ್ಕೆ ಸಿ4. ಜೇನುಹುಳು ತರೋ ಮಕರಂದ ಹೆಚ್ಚಾಗಿ ಸಿ3 ಮರಗಿಡದ್ದು, ಸಕ್ಕರೆ ಪಾಕ ಸಿ4 ಕಬ್ಬಿನದು.

ವ್ಯತ್ಯಾಸ ಎಷ್ಟು ಅಂದ್ರೆ, ಮರದ ಸಕ್ಕರೆಯಲ್ಲಿ 1 ಲಕ್ಷ ಕಾರ್ಬನ್ ಪರಮಾಣು ಎಣಿಸಿದ್ರೆ ಸುಮಾರು 1,080 ಭಾರದವು ಸಿಗತ್ವೆ, ಕಬ್ಬಿನ ಸಕ್ಕರೆಯಲ್ಲಿ ಅದಕ್ಕಿಂತ ಒಂದು 16 ಜಾಸ್ತಿ. ಲಕ್ಷಕ್ಕೆ 16, ಅಷ್ಟೇ. ನಾಲಿಗೆಗೆ ಗೊತ್ತಾಗಲ್ಲ, ಯಾಕಂದ್ರೆ ಗ್ಲೂಕೋಸ್ ಎಲ್ಲಿಂದ ಬಂದ್ರೂ ಗ್ಲೂಕೋಸೇ. ನೀರಿಗೆ ಬಿಟ್ಟು ನೋಡೋದು, ಬೆಂಕಿಕಡ್ಡಿಗೆ ಹಚ್ಚಿ ಗೀರೋದು, ಇರುವೆ ಬರತ್ತಾ ನೋಡೋದು, ಇದ್ಯಾವುದರಿಂದಲೂ ಗೊತ್ತಾಗಲ್ಲ, ದಯವಿಟ್ಟು ಇವನ್ನ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡೋದು ನಿಲ್ಲಿಸಿ, ಇದ್ರಿಂದ ಪ್ರಾಮಾಣಿಕ ಜೇನು ಸಾಕೋರ ಹೆಸರು ಹಾಳಾಗ್ತಿದೆ.

ಲ್ಯಾಬಲ್ಲಿ ಹೀಗೆ ಮಾಡ್ತೀವಿ. ತವರದ ಹಾಳೆಯಿಂದ ಮಾಡಿದ ಪುಟಾಣಿ ಬಟ್ಟಲು ಇರತ್ತೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಸೂಜಿ ತುದಿಯಲ್ಲಿ ಜೇನು ಇಡಬೇಕು, ಒಂದು ಮಿಲಿಗ್ರಾಂಗೂ ಕಡಿಮೆ, ಬಟ್ಟಲಿನ ಹೊರಗೆ ಒಂದು ಎಳೆ ತಾಗಿದ್ರೂ ಚಿಮಟಕ್ಕೆ ಅಂಟಿಕೊಂಡು ತೂಕ ಕೆಡತ್ತೆ. ಉಸಿರು ಬಿಗಿಹಿಡಿದು ಬಟ್ಟಲಿನ ಬಾಯಿ ಮಡಚಿ ಉಂಡೆ ಮಾಡ್ತೀವಿ. ಆ ಉಂಡೆ ಸಾವಿರ ಡಿಗ್ರಿ ಆಸುಪಾಸಿನ ಕುಲುಮೆಗೆ ಬಿದ್ದಾಗ ಆಕ್ಸಿಜನ್ ಜೊತೆ ತವರ ಭಗ್ ಅಂತ ಉರಿದು ಜೇನೆಲ್ಲ ಅನಿಲ ಆಗತ್ತೆ, ತೇವ ತೆಗೆದು ಕಾರ್ಬನ್ ಡೈಆಕ್ಸೈಡ್ ಮಾತ್ರ ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದ್ರೆ ಅಣುಗಳನ್ನ ತೂಕದ ಪ್ರಕಾರ ಬೇರ್ಪಡಿಸೋ ಮಷೀನಿಗೆ ಹೋಗತ್ತೆ. ಅಲ್ಲಿ ಮ್ಯಾಗ್ನೆಟ್ಟಲ್ಲಿ ಹಗುರದ್ದು ಜಾಸ್ತಿ ಬಾಗತ್ತೆ, ಭಾರದ್ದು ಕಡಿಮೆ, ಅಣುತೂಕ 44, 45, 46 ಅಂತ ಮೂರು ಬಟ್ಟಲಿಗೆ ಬೇರೆಬೇರೆ ಬೀಳತ್ತೆ. 45ರಲ್ಲಿ ಆಕ್ಸಿಜನ್-17 ಇರೋ ಅಣುಗಳೂ ಸ್ವಲ್ಪ ಸೇರ್ಕೊಂಡಿರತ್ವೆ, ಲೆಕ್ಕದಲ್ಲಿ ಅದನ್ನ ಕಳೀಬೇಕು. ಚೆನ್ನಾಗಿ ಮಾಡಿದ್ರೆ 10 ಲಕ್ಷ ಪರಮಾಣುವಿನಲ್ಲಿ ಒಂದರ ವ್ಯತ್ಯಾಸವೂ ಸಿಗತ್ತೆ, ಈಗ್ಲೂ ನನಗೆ ಇದು ಬೆರಗು.

ಉತ್ತರ ಬರೋದು ಶೇಕಡಾದಲ್ಲಿ ಅಲ್ಲ, ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಅಂತ. ಆ ಮಾನಕ ಏನು ಗೊತ್ತಾ, ಅಮೆರಿಕದ ಸೌತ್ ಕೆರೊಲಿನಾದ ಪೀ ಡೀ ಅನ್ನೋ ಕಡೆಯ ಶಿಲಾಪದರದಲ್ಲಿ ಸಿಕ್ಕ ಬೆಲೆಮ್ನೈಟ್, ಅಂದ್ರೆ ಡೈನೋಸಾರ್ ಕಾಲದಲ್ಲಿ ಸಮುದ್ರದಲ್ಲಿದ್ದ ಬೊಂಡಾಸ್ ಮೀನಿನಂಥ (ಸ್ಕ್ವಿಡ್) ಒಂದು ಜೀವಿಯ ಪಳೆಯುಳಿಕೆ. ಡ್ಯುಟೀರಿಯಂ ಕಂಡುಹಿಡಿದ ಹೆರಾಲ್ಡ್ ಯೂರಿ ಅವರ ಶಿಕಾಗೋ ಗುಂಪು ಇದನ್ನ ಬಳಸೋಕೆ ಶುರು ಮಾಡಿದ್ದು. ಅದು ಯಾವತ್ತೋ ಖರ್ಚಾಗಿ ಹೋಗಿದೆ, ಈಗ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ (ಐಎಇಎ) ಕೊಡೋ ಬೇರೆ ಮಾದರಿಗಳಿಂದ ಅದೇ ಅಳತೆಯನ್ನ ಕಾಯ್ದುಕೊಂಡು ಬಂದಿದ್ದಾರೆ. ಈ ಅಳತೆಯಲ್ಲಿ ಮರಗಿಡ ಸುಮಾರು ಮೈನಸ್ 27, ಕಬ್ಬು ಸುಮಾರು ಮೈನಸ್ 12.

ಜೇನು ಪರೀಕ್ಷೆಯಲ್ಲಿ ಇನ್ನೊಂದು ಜಾಣತನ ಇದೆ. ಹೂವಿಂದ ಹೂವಿಗೆ ಮಕರಂದದ ಸಂಖ್ಯೆ ಸ್ವಲ್ಪ ಏರುಪೇರಾಗತ್ತೆ, ಹಾಗಾಗಿ ಬರೀ ಜೇನು ಅಳೆದು ತೀರ್ಪು ಕೊಡೋಕಾಗಲ್ಲ. ಅದಕ್ಕೆ ಅದೇ ಜೇನಿನಲ್ಲಿರೋ ಚೂರೇ ಚೂರು ಪ್ರೋಟೀನನ್ನೂ ಬೇರೆ ಮಾಡಿ ಅಳೀತೀವಿ, ಸೋಡಿಯಂ ಟಂಗ್‌ಸ್ಟೇಟ್ ಮತ್ತೆ ಆಸಿಡ್ ಹಾಕಿ ಬಿಸಿ ನೀರಲ್ಲಿಟ್ರೆ ಮೋಡದ ಥರ ಹೆಪ್ಪುಗಟ್ಟತ್ತೆ, ತೊಳೆದು ತೊಳೆದು ಒಣಗಿಸಬೇಕು. ಆ ಪ್ರೋಟೀನ್ ಹುಳುವಿನದು, ಪರಾಗದ್ದು, ಅದಕ್ಕೆ ಆ ಊರಿನ ಹೂವಿನ ಗುರುತು ಇರತ್ತೆ, ಆಮೇಲೆ ಸಕ್ಕರೆ ಸೇರಿದ್ರೂ ಅದು ಬದಲಾಗಲ್ಲ. ಎರಡರ ಮಧ್ಯೆ 1ಕ್ಕಿಂತ ಹೆಚ್ಚು ಅಂತರ ಬಂದ್ರೆ ಸಿ4 ಸಕ್ಕರೆ ಸೇರಿದೆ ಅಂತ.

ಮಾವನ ಬಾಟಲಿ: ಪ್ರೋಟೀನ್ ಮೈನಸ್ 25, ಜೇನು ಮೈನಸ್ 22. ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ ಶೇ. 20 ಕಬ್ಬಿನ ಸಕ್ಕರೆ.

ಮತ್ತೆ ಹೊಸದಾಗಿ ತೂಕ ಮಾಡಿ ಹಾಕಿದೆ, ಅದೇ ಬಂತು. ಫೋನ್ ಹಚ್ಚೋಕೆ ಅರ್ಧ ದಿನ ಹಿಡೀತು. "ಮಾವ, ಪೆಟ್ಟಿಗೆಗೆ ಸಕ್ಕರೆ ಪಾಕ ಯಾವಾಗ ಇಟ್ಟಿದ್ರಿ?" ಅಂತ ಕೇಳಿದೆ. ಸುಮ್ಮನಾದ್ರು. ಮಳೆಗಾಲದಲ್ಲಿ ಹೂವಿರಲ್ಲ, ಹುಳು ಬದುಕಲಿ ಅಂತ ಪಾಕ ಇಡೋದು ಮಲೆನಾಡಲ್ಲಿ ಎಲ್ಲರೂ ಮಾಡೋದೇ, ತಪ್ಪೇನಲ್ಲ. ಆ ವರ್ಷ ಮಳೆ ಹಿಂದೆ ಸರಿಯೋದು ತಡ ಆಗಿ ಜೇನು ಕುಟುಂಬಗಳು ಸೊರಗಿದ್ವು, ಪಾಪ ಅಂತ ಜನವರಿ ಕೊನೆತನಕ ಇಟ್ಟಿದ್ರಂತೆ. ಹುಳುಗಳಿಗೆ ಪಾಕ ಯಾವುದು ಮಕರಂದ ಯಾವುದು, ತಿಂದು ಮಿಕ್ಕಿದ್ದನ್ನ ಪೆಟ್ಟಿಗೆಯ ಮೇಲಿನ ಕೋಣೆಗೆ, ಅಂದ್ರೆ ನಾವು ಜೇನು ತೆಗೆಯೋ ಕಡೆ ತುಂಬಿಟ್ಟಿವೆ. ಯಾರೂ ಬೆರೆಸಿಲ್ಲ, ಆದ್ರೆ ಗಿರಾಕಿ ಹೇಳಿದ್ದೂ ಸುಳ್ಳಲ್ಲ. "ಹಾಗಾದ್ರೆ ಆ ಮಾಲು ಮಾರಲ್ಲ ಬಿಡು" ಅಂದ್ರು. 40 ಕೆಜಿ ಮಿಕ್ಕಿತ್ತು. ನನಗೆ ಅವತ್ತು ಮಾವನ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ಈ ಪರೀಕ್ಷೆ ಎಲ್ಲ ಹಿಡಿಯತ್ತೆ ಅಂತಲ್ಲ. ಅಕ್ಕಿ ಸಿರಪ್ ಬೆರೆಸಿದ್ರೆ ಅದೂ ಸಿ3, ಮರದ ಸಂಖ್ಯೆಯೇ ಬರತ್ತೆ, ಆರಾಮಾಗಿ ಪಾಸ್ ಆಗತ್ತೆ. ಅದಕ್ಕೆ ಎನ್‌ಎಂಆರ್ ಥರದ ಬೇರೆ ಪರೀಕ್ಷೆ ಬೇಕು.

ಇದೇ ಗುರುತು ನಮ್ ಮೈಮೇಲೂ ಇದೆ. ನನ್ ಜೊತೆ ಕೆಲಸ ಮಾಡೋ ಹುಡುಗಿ ಮಂಡ್ಯದವಳು, ದಿನಾ ಮುದ್ದೆ, ನಾನು ಮೂರು ಹೊತ್ತೂ ಅನ್ನ. ಒಂದ್ಸಲ ಇಬ್ಬರ ಕೂದಲೂ ಹಾಕಿ ನೋಡಿದ್ವಿ, ರಾಗಿ ತಿನ್ನೋ ಅವಳದ್ದರಲ್ಲೇ ಭಾರದ ಕಾರ್ಬನ್ ಜಾಸ್ತಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯೋದ್ರಿಂದ ಕತ್ತರಿಸಿ ಕತ್ತರಿಸಿ ಅಳೆದ್ರೆ ಯಾವ ತಿಂಗಳು ಊಟ ಬದಲಾಯ್ತು ಅನ್ನೋದೂ ತಿಳಿಯತ್ತೆ.

ಕಾರ್ಬನ್ ಒಂದೇ ಅಲ್ಲ. 1972ರಲ್ಲಿ ಫ್ರಾನ್ಸಲ್ಲಿ ಯುರೇನಿಯಂ ಅಳೀತಿದ್ದೋರಿಗೆ ಆಫ್ರಿಕಾದ ಗ್ಯಾಬೊನ್‌ನ ಓಕ್ಲೋ ಗಣಿಯ ಅದಿರಲ್ಲಿ ಯುರೇನಿಯಂ-235 ಶೇ. 0.7202 ಇರಬೇಕಾದ ಕಡೆ 0.7171 ಬಂತು. ಮಷೀನ್ ತಪ್ಪು ಅಂತ ಬಿಡಬಹುದಿತ್ತು, ಬಿಡಲಿಲ್ಲ, ಬೆನ್ನು ಹತ್ತಿ ಹೋದ್ರೆ ಅಲ್ಲಿ ಸುಮಾರು 200 ಕೋಟಿ ವರ್ಷ ಹಿಂದೆ ನೆಲದೊಳಗೆ ತಾನಾಗೇ ಪರಮಾಣು ರಿಯಾಕ್ಟರ್ ಉರಿದಿತ್ತು ಅಂತ ಗೊತ್ತಾಯ್ತು. ನಾನು ಹೊಸ ಹುಡುಗ್ರಿಗೆ ಕೆಲಸ ಹೇಳಿಕೊಡುವಾಗ ಮೊದಲ ದಿನ ಹೇಳೋದು ಇದೇ ಕಥೆ.

ಈ ಸಲ ಮಾವ ನವೆಂಬರಿಗೇ ಪಾಕ ನಿಲ್ಲಿಸಿದ್ರು, ಮೇಲಿನ ಕೋಣೆ ಕೂಡಿಸಿದ್ದು ಅದಾದ ಮೇಲೆ. ಏಪ್ರಿಲಲ್ಲಿ ಬಸ್ಸಿಗೆ ಹಾಕಿ ಒಂದು ಬಾಟಲಿ ಕಳಿಸಿದ್ರು, ಮೊನ್ನೆ ಹಾಕಿದೆ. ಅಂತರ 0.3. ಫೋನ್ ಮಾಡಿ ಹೇಳಿದೆ.

"ಸರಿ, ಹಾಗಾದ್ರೆ ನಾಳೆ ಲೇಬಲ್ ಅಂಟಿಸ್ತೀನಿ" ಅಂದ್ರು.