ಬಾಲಕ್ಲಾವಾದ ಹಸಿ ಕಾಫಿಬೀಜ

14 ನವೆಂಬರ್ 2024, ಗುರುವಾರ ರಾತ್ರಿ

ಅಡುಗೆಮನೆ ತುಂಬ ಹೊಗೆ. ಕಿಟಕಿ ತೆಗೆದು ಗಂಟೆಯಾದರೂ ಹೋಗಿಲ್ಲ. ತಪ್ಪು ನನ್ನದೇ. ಅಮ್ಮ ಊರಿಂದ ಕಳಿಸಿದ್ದ ಕಾಫಿಬೀಜವನ್ನು ದೋಸೆ ಕಾವಲಿಯ ಮೇಲೆ ಹುರಿಯಲು ಹೋಗಿದ್ದೆ.

ಕಾರಣ ಕ್ರಿಮಿಯಾ ಯುದ್ಧ, ಬ್ರಿಟಿಷರು, ಫ್ರೆಂಚರು ಒಟ್ಟಾಗಿ ರಷ್ಯಾದ ವಿರುದ್ಧ ಮಾಡಿದ್ದು. ನಗಬೇಡಿ.

ಒಂದು ವಾರದಿಂದ ರೋಜರ್ ಫೆಂಟನ್ ತೆಗೆದ ಫೋಟೋ ನೋಡುತ್ತಾ ಕೂತಿದ್ದೇನೆ. 1855ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಗಾಡಿಯನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಅಲ್ಲಿಗೆ ಹೋಗಿದ್ದವನು. ಬ್ರಿಟಿಷರ ಸಾಮಾನು ಬಂದಿಳಿಯುತ್ತಿದ್ದ ಬಾಲಕ್ಲಾವಾ ಬಂದರು ತೀರಾ ಇಕ್ಕಟ್ಟು. ಸಂತೆ ದಿನ ಗಾಡಿಗಳು ನಿಂತ ಹಾಗೆ ಹಡಗುಗಳು ಒತ್ತಿಕೊಂಡು ನಿಂತಿವೆ. ದಡದಲ್ಲಿ ಫಿರಂಗಿ ಗುಂಡುಗಳ ರಾಶಿ. ಬೇರೆ ಫೋಟೋಗಳಲ್ಲಿ ಬಯಲಿನುದ್ದಕ್ಕೂ ಬಿಳಿ ಡೇರೆಗಳು. ನೋಡಲು ಚೆನ್ನಾಗಿಯೇ ಇದೆ. ಫೆಂಟನ್ ಬಂದದ್ದು ಮಾರ್ಚ್‌ನಲ್ಲಿ ಅಲ್ವಾ, ಕೆಟ್ಟ ಚಳಿಗಾಲ ಆಗಲೇ ಮುಗಿದಿತ್ತು.

ಕೆಟ್ಟದ್ದು ಶುರುವಾದದ್ದು 1854ರಲ್ಲಿ, ಸರಿಯಾಗಿ ಇದೇ ದಿನ. ನವೆಂಬರ್ 14ರ ಬಿರುಗಾಳಿಗೆ ಡೇರೆಗಳೆಲ್ಲ ಹಾರಿಹೋದವು. ಬಂದರಿನ ಬಾಯಲ್ಲೇ ಹಡಗುಗಳು ಬಂಡೆಗೆ ಬಡಿದು ಒಡೆದವು. 'ಪ್ರಿನ್ಸ್' ಅನ್ನೋ ಹಡಗು ಚಳಿಗೆ ಅಂತ ತಂದಿದ್ದ ಬಟ್ಟೆ, ಬೂಟುಗಳ ಜೊತೆಗೇ ಮುಳುಗಿತು.

ಆದರೆ ನನ್ನನ್ನು ಕಾಡಿದ್ದು ಮುಳುಗಿದ ಸಾಮಾನಲ್ಲ, ಬಂದು ತಲುಪಿದ ಸಾಮಾನು. ರಷ್ಯನ್ನರ ಕೋಟೆಯೂರು ಸೆವಾಸ್ಟೊಪೋಲ್ ಸುತ್ತ ಮುತ್ತಿಗೆ ಹಾಕಿದ್ದ ಬ್ರಿಟಿಷರ ಬಿಡಾರಕ್ಕೂ ಬಂದರಿಗೂ ಸುಮಾರು 10 ಕಿಲೋಮೀಟರ್. ಅಷ್ಟೇ! ಮಳೆ ಬಿದ್ದ ಮೇಲೆ ಆ ದಾರಿ ಬರೀ ಕೆಸರು. ಮೇವಿಲ್ಲದೆ ಕುದುರೆಗಳು ಸತ್ತವು. ಸಿಪಾಯಿಗಳೇ ಮೂಟೆ ಹೊತ್ತರು. ಸ್ಕರ್ವಿಯಿಂದ (ವಿಟಮಿನ್ ಸಿ ಕೊರತೆಯ ರೋಗ) ಹಲ್ಲು ಅಲ್ಲಾಡುತ್ತಿದ್ದವರಿಗೆ ಬೇಕಾದ ನಿಂಬೆರಸ ಬಂದರಿಗೆ ಬಂದು ವಾರಗಟ್ಟಲೆ ಸುಮ್ನೆ ಬಿದ್ದಿತ್ತು.

ಮೇಲಿಂದ ಕಾಫಿ. ಅವರಿಗೆ ಕೊಟ್ಟದ್ದು ಹಸಿ ಬೀಜ! ಹುರಿದದ್ದು ದಾರಿಯಲ್ಲಿ ಕೆಡುತ್ತೆ, ಹಸಿಯದು ತಡೆಯುತ್ತೆ ಅನ್ನೋ ಲೆಕ್ಕ. ಕಾಗದದ ಮೇಲೆ ಸರಿಯೇ. ಆದರೆ ಬಿಡಾರದ ಸುತ್ತ ಸೌದೆಯೇ ಇಲ್ಲ. ಹೆಪ್ಪುಗಟ್ಟಿದ ನೆಲ ಅಗೆದು ಬೇರು ಕಿತ್ತು ಉರಿ ಮಾಡಬೇಕು. ಊಟದ ಡಬ್ಬದ ಮುಚ್ಚಳದಲ್ಲಿ ಹುರಿದು, ಫಿರಂಗಿ ಗುಂಡಿನಿಂದ ಜಜ್ಜಿ ಪುಡಿ ಮಾಡಬೇಕು. ರಾತ್ರಿಯೆಲ್ಲ ಕಂದಕದಲ್ಲಿ ನೆನೆದು ಬಂದವರು!

ಕಾಫಿತೋಟದ ಮನೆಯಲ್ಲಿ ಹುಟ್ಟಿದವನು, ನೋಡೇಬಿಡೋಣ ಅಂತ ಒಲೆ ಹಚ್ಚಿದೆ. ಗ್ಯಾಸ್ ಇದ್ದೂ ಇಪ್ಪತ್ತು ನಿಮಿಷ ಕೈ ಬಿಡದೆ ಆಡಿಸಿದೆ. ಮೊದಲು ಹಸಿ ಹುಲ್ಲಿನ ವಾಸನೆ. ಆಮೇಲೆ ಹೊಟ್ಟು ಹಾರಿತು, ಬೀಜ ಚಟಪಟ ಅಂದಿತು. ಅರ್ಧ ಸೀದು ಇದ್ದಿಲಾಯಿತು, ಇನ್ನರ್ಧ ಒಳಗೆ ಹಳದಿಯೇ. ಹಳದಿಯದು ಕುಟ್ಟಾಣಿಯಲ್ಲಿ ಒಡೆಯಲೊಲ್ಲದು, ಪುಟಿದು ಆಚೆ ಹಾರುತ್ತೆ. ಮಗ ಅವನ್ನು ಆರಿಸಿ ಕೊಡುತ್ತಾ, 'ಅಪ್ಪಾ, ಅವರು ಟೀ ಕುಡೀಬಹುದಿತ್ತಲ್ವಾ?' ಅಂದ. ಸರಿಯಾದ ಪ್ರಶ್ನೆ.

ಪಕ್ಕದಲ್ಲೇ ಕಮಿಯೆಶ್ ಕೊಲ್ಲಿಯಲ್ಲಿದ್ದ ಫ್ರೆಂಚರು ಆ ವರ್ಷ ಬೇಕರಿ ಹಾಕಿಕೊಂಡು ಬ್ರೆಡ್ ತಿನ್ನುತ್ತಿದ್ದರು. ಬ್ರಿಟಿಷರ ಗಾಯಾಳುಗಳನ್ನು ತಮ್ಮ ಹೇಸರಗತ್ತೆಗಳ ಮೇಲೆ ಸಾಗಿಸಿಯೂ ಕೊಟ್ಟರು. ಮುಂದಿನ ಚಳಿಗಾಲಕ್ಕೆ ಎಲ್ಲ ತಿರುಗುಮುರುಗು: ಜ್ವರಕ್ಕೆ ಸಿಕ್ಕಿ ಸಾಲಾಗಿ ಸತ್ತವರು ಫ್ರೆಂಚರು. ಬ್ರಿಟಿಷರಿಗೆ ಅಷ್ಟೊತ್ತಿಗೆ ಬಂದರಿನಿಂದ ರೈಲೇ ಬಂದಿತ್ತು. 1855ರ ಫೆಬ್ರವರಿಯಲ್ಲಿ ಕೆಲಸ ಶುರುಮಾಡಿ ಎರಡು ತಿಂಗಳೊಳಗೆ ಹಳಿ ಗುಡ್ಡ ಹತ್ತಿಸಿದ್ದರು.

ಅಮ್ಮನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಯುದ್ಧದ ಬಗ್ಗೆ ಒಂದು ಮಾತಿಲ್ಲ. 'ಆ ದೋಸೆ ಕಾವಲಿ ನನ್ನ ಅತ್ತೇದು ಕಣೋ' ಅಂದರು.

ಉಳಿದ ಬೀಜ ನಾಳೆ ಕಾಫಿಪುಡಿ ಅಂಗಡಿಗೆ. ಕಾವಲಿ ನೆನೆಹಾಕಿದ್ದೇನೆ.